ಕಸಿ ಬೇಡದ ಕಣ್ಣಿನ ಚಿಕಿತ್ಸೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೈದರಾಬಾದಿಗೆ ಬಂದ ನಮ್ಮವರಿಗೆ ಕೈಕಾಲುಗಳಂತೆ ಕಣ್ಣೂ ಒಂದು ಬಂಡವಾಳ. ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತನಿರಲಿ, ಲೇತಿನ ಮುಂದೆ ನಿಲ್ಲುವ ಕೆಲಸಗಾರನಿರಲಿ, ರಾತ್ರಿ ಆಟೋ ಓಡಿಸುವವನಿರಲಿ, ಕಣ್ಣು ಮಂಜಾದರೆ ಅಂದಿನ ದುಡಿಮೆಗೇ ಕುತ್ತು ಬರುತ್ತದೆ. ಆದರೂ ಕಣ್ಣಿನ ವಿಷಯದಲ್ಲಿ ನಾವು ಉದಾಸೀನರು. ಅಕ್ಷರ ಸರಿಯಾಗಿ ಕಾಣದಿದ್ದರೆ ಕನ್ನಡಕದ ಅಂಗಡಿಗೆ ಹೋಗಿ ನಂಬರು ಬದಲಾಯಿಸಿಕೊಂಡು ಬರುತ್ತೇವೆ. ಆರು ತಿಂಗಳಲ್ಲಿ ಅದೂ ಸಾಲದಾದರೆ ಇನ್ನೊಂದು ಕನ್ನಡಕ. ಹೀಗೆ ಪದೇ ಪದೇ ನಂಬರು ಬದಲಾಗುವ ಎಳೆಯರಲ್ಲಿ ಕೆಲವರಿಗೆ ಇರುವುದು ಬರಿಯ ನಂಬರಿನ ದೋಷವಲ್ಲ, ಕೆರಟೋಕೋನಸ್ ಎಂಬ ಒಂದು ರೋಗ. ಬೇಗ ಗುರುತಿಸಿದರೆ ಅದನ್ನು ರೋಗಿಯ ಸ್ವಂತ ಕಣ್ಣಿನಲ್ಲೇ ತಡೆದು ನಿಲ್ಲಿಸಬಹುದು. ತೀರ ತಡವಾದರೆ ತೀರಿಕೊಂಡ ಇನ್ನೊಬ್ಬರ ಕಣ್ಣಿನ ಭಾಗವನ್ನು ತಂದು ಕಸಿ ಮಾಡಬೇಕಾಗುತ್ತದೆ. ಈ ಕಸಿ ಬೇಡವಾಗುವಂತೆ ಮಾಡುವ ಚಿಕಿತ್ಸೆ ಯಾವುದು, ಅದಕ್ಕೆ ಕಾಲವೇಕೆ ಮುಖ್ಯ ಎಂಬುದನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕೈಗಡಿಯಾರದ ಮುಳ್ಳುಗಳ ಮೇಲೆ ಗಾಜಿರುವಂತೆ ಕಣ್ಣಿನ ಕಪ್ಪು ಭಾಗದ ಮುಂದೆ ಒಂದು ಪಾರದರ್ಶಕವಾದ ಗುಮ್ಮಟವಿದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಪಾರಪಟಲವೆಂದು ಹೆಸರು. ಆಸ್ಪತ್ರೆಯಲ್ಲಿ ಎಲ್ಲರೂ ಅನ್ನುವುದು ಕಾರ್ನಿಯಾ ಎಂದು. ನಡುವೆ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಇದರಲ್ಲಿ ರಕ್ತನಾಳಗಳಿಲ್ಲ. ಹೊರಗಿನಿಂದ ಬಂದ ಬೆಳಕನ್ನು ಬಾಗಿಸಿ ಕಣ್ಣಿನ ಹಿಂದಿನ ಪರದೆಯ ಮೇಲೆ ಒಟ್ಟುಗೂಡಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಈ ಗುಮ್ಮಟದ್ದೇ. ಉಳಿದ ಪಾಲು ಒಳಗಿನ ಮಸೂರದ್ದು. ಆದುದರಿಂದ ಗುಮ್ಮಟದ ಆಕಾರ ಸ್ವಲ್ಪ ಕೆಟ್ಟರೂ ನೋಟ ಬಹಳ ಕೆಡುತ್ತದೆ.

ಕಾರ್ನಿಯಾದ ಹೆಚ್ಚಿನ ಭಾಗ ಕೊಲಾಜೆನ್ ಎಂಬ ನಾರಿನಿಂದಾದದ್ದು. ನಮ್ಮ ಚರ್ಮದಲ್ಲಿಯೂ ಮೂಳೆಯನ್ನು ಬಿಗಿದಿರುವ ಕಟ್ಟುಗಳಲ್ಲಿಯೂ ಇರುವುದು ಇದೇ ನಾರು. ಕಾರ್ನಿಯಾದಲ್ಲಿ ಈ ನಾರುಗಳು ಪದರ ಪದರವಾಗಿ ಹೆಣೆದುಕೊಂಡು, ಒಂದಕ್ಕೊಂದು ಅಡ್ಡಗಟ್ಟುಗಳಿಂದ ಬಿಗಿಯಾಗಿರುತ್ತವೆ. ಕೆರಟೋಕೋನಸ್ ಬಂದವರಲ್ಲಿ ಈ ಬಿಗಿ ಸಡಿಲವಾಗುತ್ತದೆ. ಕಾರ್ನಿಯಾ ತೆಳುವಾಗುತ್ತ ಬರುತ್ತದೆ. ಕಣ್ಣಿನೊಳಗೆ ಸದಾ ಇರುವ ದ್ರವದ ಒತ್ತಡವು ತೆಳುವಾದ ಜಾಗವನ್ನು ಮುಂದಕ್ಕೆ ನೂಕುತ್ತದೆ. ವಿಜಯಪುರದ ಗೋಲಗುಮ್ಮಟದಂತೆ ದುಂಡಗಿರಬೇಕಾದದ್ದು ಗುಡಿಯ ಕಳಸದಂತೆ ಮೊನೆಯಾಗುತ್ತದೆ. ಗ್ರೀಕ್ ಭಾಷೆಯಲ್ಲಿ ಕೆರಾಸ್ ಎಂದರೆ ಕೊಂಬು, ಕೋನೋಸ್ ಎಂದರೆ ಶಂಕು. ರೋಗದ ಹೆಸರು ಈ ಎರಡು ಮಾತುಗಳಿಂದ ಬಂದದ್ದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ ೧೮೫೪ರಲ್ಲಿಯೇ ಇದರ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟರು.

ಮುಪ್ಪಿನಲ್ಲಿ ಬರುವ ಪೊರೆಯಂತಲ್ಲ ಈ ರೋಗ. ಇದು ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದಲ್ಲಿ. ಮುಂದೆ ಹತ್ತು ಇಪ್ಪತ್ತು ವರ್ಷ ಬೆಳೆಯುತ್ತ ಹೋಗಿ, ಮೂವತ್ತು ನಲವತ್ತರ ಪ್ರಾಯದಲ್ಲಿ ಬಹುಮಟ್ಟಿಗೆ ತಾನೇ ನಿಲ್ಲುತ್ತದೆ. ಅಂದರೆ ಶಾಲೆ, ಪರೀಕ್ಷೆ, ಮೊದಲ ನೌಕರಿ, ಮದುವೆ ಇವೆಲ್ಲ ನಡೆಯುವ ಕಾಲವನ್ನೇ ಇದು ಹಿಡಿದುಕೊಳ್ಳುತ್ತದೆ. ಎರಡು ಕಣ್ಣಿಗೂ ಬರುವುದೇ ಹೆಚ್ಚು, ಆದರೆ ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಆಮೇಲೆ. ಒಳ್ಳೆಯ ಕಣ್ಣು ಕೆಲಸ ನಡೆಸುತ್ತಿರುವಷ್ಟು ದಿನ ಕೆಟ್ಟ ಕಣ್ಣಿನ ಸುದ್ದಿ ಅದರ ಒಡೆಯನಿಗೇ ತಿಳಿಯುವುದಿಲ್ಲ.

ಇದು ಅಂಟುಜಾಡ್ಯವಲ್ಲ. ಮಂದ ಬೆಳಕಿನಲ್ಲಿ ಓದಿದ್ದರಿಂದ ಬಂದದ್ದೂ ಅಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬರುವುದುಂಟು. ಆದುದರಿಂದ ಒಬ್ಬರಿಗೆ ಇದೆಯೆಂದು ತಿಳಿದ ಕೂಡಲೆ ಅವರ ಒಡಹುಟ್ಟಿದವರ ಕಣ್ಣನ್ನೂ ಮಕ್ಕಳ ಕಣ್ಣನ್ನೂ ತೋರಿಸಬೇಕು. ಇದರೊಂದಿಗೆ ಬಹಳ ಸಲ ಕಾಣಿಸುವ ಒಂದು ಚಾಳಿಯೆಂದರೆ ಕಣ್ಣುಜ್ಜುವುದು. ಧೂಳು, ಹೊಗೆ, ಬಿಸಿಲಿನಿಂದ ಅಲರ್ಜಿಯಾಗಿ ಕಣ್ಣು ತುರಿಸುವವರು ಮುಷ್ಟಿಯಿಂದ ಉಜ್ಜಿ ಉಜ್ಜಿ ಹಾಯೆನ್ನುತ್ತಾರೆ. ಮೊದಲೇ ಬಲಗುಂದಿದ ಕಾರ್ನಿಯಾಕ್ಕೆ ಆ ಉಜ್ಜಾಟ ದೊಡ್ಡ ಪೆಟ್ಟು. ತುರಿಕೆಗೆ ತಣ್ಣೀರಿನ ಬಟ್ಟೆ ಇಡಬಹುದು, ವೈದ್ಯರು ಕೊಟ್ಟ ಹನಿಮದ್ದು ಹಾಕಬಹುದು. ಆದರೆ ಔಷಧದಂಗಡಿಯವರು ಕೊಟ್ಟ ಸ್ಟೀರಾಯಿಡ್ ಹನಿಯನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಳ್ಳಬಾರದು. ಅದು ತುರಿಕೆಯನ್ನು ಅಡಗಿಸಿ, ಕಣ್ಣಿನೊಳಗಿನ ಒತ್ತಡವನ್ನು ಏರಿಸಿ, ಗ್ಲಾಕೋಮಾ ಎಂಬ ಬೇರೊಂದು ಕುರುಡನ್ನು ತಂದೀತು.

ಯಾವ ಗುರುತುಗಳಿಂದ ಎಚ್ಚರಗೊಳ್ಳಬೇಕು? ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ನಂಬರು ಬದಲಾಗುವುದು, ಅದರಲ್ಲಿಯೂ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವ ಅಂಕಿ ಏರುತ್ತ ಹೋಗುವುದು. ಹೊಸ ಕನ್ನಡಕ ಹಾಕಿದರೂ ಅಕ್ಷರ ತಿಳಿಯಾಗದಿರುವುದು. ರಾತ್ರಿ ಬೀದಿದೀಪಗಳಿಗೂ ಎದುರು ಬರುವ ಗಾಡಿಯ ದೀಪಗಳಿಗೂ ಬಾಲ ಮೂಡಿದಂತೆ ಕಾಣುವುದು. ಒಂದು ಕಣ್ಣು ಮುಚ್ಚಿ ನೋಡಿದರೂ ಒಂದು ಅಕ್ಷರ ಎರಡು ಮೂರಾಗಿ ತೋರುವುದು. ಇವುಗಳಲ್ಲಿ ಯಾವುದಿದ್ದರೂ ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು. ಅಂಗಡಿಯಲ್ಲಿ ಅಳೆಯುವುದು ನಂಬರನ್ನು, ಆಕಾರವನ್ನಲ್ಲ. ಕಾರ್ನಿಯಾದ ಆಕಾರವನ್ನು ನಕ್ಷೆ ಮಾಡುವ ಬೇರೆ ಯಂತ್ರವಿದೆ. ಆ ಪರೀಕ್ಷೆಗೆ ಟೊಪಾಗ್ರಫಿ ಎಂದು ಹೆಸರು. ಜಮೀನಿನ ಏರುತಗ್ಗುಗಳನ್ನು ಸರ್ವೆಯವರು ಗೆರೆ ಹಾಕಿ ತೋರಿಸುವಂತೆ, ಇದು ಗುಮ್ಮಟದ ಏರುತಗ್ಗುಗಳನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಗದ್ದವನ್ನು ಆನಿಸಿ ಕುಳಿತು ದೀಪ ನೋಡಿದರಾಯಿತು. ಕೆಲವೇ ನಿಮಿಷಗಳ ಕೆಲಸ, ನೋವಿಲ್ಲ. ಕಾರ್ನಿಯಾದ ದಪ್ಪವನ್ನೂ ಅಳೆದುಕೊಳ್ಳುತ್ತಾರೆ.

ರೋಗ ಇದೆಯೆಂದು ತಿಳಿದ ಮೇಲೆ ಮಾಡುವುದೇನು? ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದಿನವರೆಗೆ ವೈದ್ಯರ ಕೈಯಲ್ಲಿದ್ದದ್ದು ಎರಡೇ ಉಪಾಯ. ಮೊದಲು ಕನ್ನಡಕ, ಅದು ಸಾಲದಾದಾಗ ಕಣ್ಣಿನ ಮೇಲೆಯೇ ಕೂರುವ ಗಟ್ಟಿಯಾದ ಕಾಂಟಾಕ್ಟ್ ಲೆನ್ಸ್. ಗಟ್ಟಿ ಲೆನ್ಸು ಮೊನೆಯಾದ ಗುಮ್ಮಟದ ಮೇಲೆ ಒಂದು ನಯವಾದ ಹೊಸ ಗುಮ್ಮಟವನ್ನು ಕೂರಿಸಿದಂತೆ. ನೋಟ ಚೆನ್ನಾಗಿ ತಿಳಿಯಾಗುತ್ತದೆ. ಆದರೆ ಕೆಳಗಿನ ರೋಗ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಒಂದು ದಿನ ಲೆನ್ಸೂ ನಿಲ್ಲದಷ್ಟು ಮೊನೆಯಾದಾಗ, ಇಲ್ಲವೆ ನಡುವೆ ಬಿಳಿಯ ಕಲೆ ಬಿದ್ದಾಗ, ಉಳಿದದ್ದು ಕಸಿಯೊಂದೇ. ಹಿಂದೆ ಈ ರೋಗದವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ಕಸಿಯ ತನಕ ಹೋಗುತ್ತಿದ್ದರೆಂದು ಗ್ರಂಥಗಳು ಹೇಳುತ್ತವೆ.

ಕಾರ್ನಿಯಾದ ಕಸಿ ಮನುಷ್ಯನ ದೊಡ್ಡ ಸಾಧನೆಗಳಲ್ಲೊಂದು ಎನ್ನುವುದರಲ್ಲಿ ಸಂಶಯವಿಲ್ಲ. ೧೯೦೫ರ ಡಿಸೆಂಬರಿನಲ್ಲಿ ಮೊರೇವಿಯಾದ ಓಲೊಮೌತ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮೊಟ್ಟಮೊದಲು ಮನುಷ್ಯನ ಕಣ್ಣಿನಲ್ಲಿ ಇದನ್ನು ಯಶಸ್ವಿಯಾಗಿ ಮಾಡಿದರು. ನಮ್ಮ ಹೈದರಾಬಾದು ಈ ವಿದ್ಯೆಗೆ ಹೆಸರಾದ ಊರು. ಚಲನಚಿತ್ರರಂಗದ ಎಲ್. ವಿ. ಪ್ರಸಾದ್ ಅವರ ಮನೆತನದವರ ದಾನದ ನೆರವಿನಿಂದ, ಡಾ. ಗುಲ್ಲಪಲ್ಲಿ ಎನ್. ರಾವ್ ಅವರು ಬಂಜಾರಾ ಹಿಲ್ಸ್‌ನಲ್ಲಿ ಕಟ್ಟಿದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ೧೯೮೭ರಲ್ಲಿ ಕೆಲಸ ಆರಂಭಿಸಿತು. ೧೯೮೯ರಲ್ಲಿ ಅಲ್ಲಿ ರಾಮಾಯಮ್ಮ ಅಂತರರಾಷ್ಟ್ರೀಯ ನೇತ್ರ ಬ್ಯಾಂಕು ತೆರೆಯಿತು. ಆ ಸಂಸ್ಥೆಯವರು ಮಾಡಿದ ಕಾರ್ನಿಯಾ ಕಸಿಗಳ ಸಂಖ್ಯೆ ೨೦೨೩ರಲ್ಲಿ ೫೦,೦೦೦ವನ್ನು ಮುಟ್ಟಿತು.

ಆದರೆ ಪ್ರತಿಯೊಂದು ಕಸಿಯ ಹಿಂದೆಯೂ ಒಂದು ಸಾವಿದೆ, ದುಃಖದ ನಡುವೆಯೂ ಒಪ್ಪಿಗೆ ಕೊಟ್ಟ ಒಂದು ಮನೆಯಿದೆ. ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಕನ್ನಡಿಗರೆಲ್ಲ ಇದನ್ನು ಕಣ್ಣಾರೆ ಕಂಡರು. ೨೦೦೬ರಲ್ಲಿ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ್ದ ಮನೆತನದವರು ಮಗನ ಕಣ್ಣುಗಳನ್ನೂ ಕೊಟ್ಟರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಭುಜಂಗ ಶೆಟ್ಟರ ನೇತೃತ್ವದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರವೆಂದು ಬೇರ್ಪಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ನೋಟ ಕೊಟ್ಟರು. ಆ ಸುದ್ದಿ ಕೇಳಿದ ಮೇಲೆ ನೇತ್ರದಾನದ ಪತ್ರಕ್ಕೆ ಸಹಿ ಹಾಕಿದವರಿಗೆ ಲೆಕ್ಕವಿಲ್ಲ. ಎರಡು ಕಣ್ಣನ್ನು ನಾಲ್ಕು ಮಾಡಿ ಹಂಚಬೇಕಾಗಿ ಬಂದುದೇ ಕಣ್ಣು ಎಷ್ಟು ವಿರಳವಾದ ವಸ್ತುವೆಂಬುದನ್ನು ಹೇಳುತ್ತದೆ.

ಕಣ್ಣು ಸಿಕ್ಕಿದ ಮೇಲೂ ಕಸಿಯ ರೋಗಿಗೆ ದಾರಿ ಉದ್ದ. ಹೊಲಿಗೆಗಳು ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಇರುತ್ತವೆ. ತಿಂಗಳುಗಟ್ಟಲೆ ಹನಿಮದ್ದು ತಪ್ಪಬಾರದು. ಬೇರೆಯವರ ಅಂಗಾಂಶವೆಂದು ನಮ್ಮ ಶರೀರ ಅದನ್ನು ನಿರಾಕರಿಸುವ ಭಯ ವರ್ಷಗಳ ನಂತರವೂ ಇದ್ದೇ ಇರುತ್ತದೆ. ಕಣ್ಣು ಕೆಂಪಾಯಿತೆಂದರೆ ಅಂದೇ ಆಸ್ಪತ್ರೆಗೆ ಓಡಬೇಕು. ಇಪ್ಪತ್ತೈದರ ಹುಡುಗನಿಗೆ ಹಾಕಿದ ಕಸಿ ಅವನ ಜೀವಮಾನವೆಲ್ಲ ಬಾಳುತ್ತದೆಂಬ ಭರವಸೆಯೂ ಇಲ್ಲ. ದಿನಗೂಲಿಯವನು ಇಷ್ಟು ಸಲ ಕೆಲಸ ತಪ್ಪಿಸಿ ಹೋಗಿಬರುವುದು ಎಷ್ಟು ಕಷ್ಟವೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕಸಿಯ ತನಕ ಹೋಗದಂತೆ ರೋಗವನ್ನು ನಡುದಾರಿಯಲ್ಲೇ ತಡೆಯಲು ಸಾಧ್ಯವೇ ಎಂದು ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯರೂ ವಿಜ್ಞಾನಿಗಳೂ ೧೯೯೦ರ ದಶಕದಲ್ಲಿ ಯೋಚಿಸಿದರು. ಅವರಿಗೆ ದಾರಿ ತೋರಿದ ಸಂಗತಿಗಳು ಎರಡು. ವಯಸ್ಸಾದಂತೆ ಎಲ್ಲರ ಕಾರ್ನಿಯಾದಲ್ಲಿಯೂ ನಾರುಗಳ ನಡುವಿನ ಗಟ್ಟುಗಳು ಹೆಚ್ಚಿ ಅದು ಬಿರುಸಾಗುತ್ತದೆ; ರೋಗ ನಲವತ್ತರ ಸುಮಾರಿಗೆ ತಾನೇ ನಿಲ್ಲುವುದು ಇದರಿಂದಲೇ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಇದೇ ಕೆಲಸವನ್ನು ಮಾಡುವುದರಿಂದ ಅವರಲ್ಲಿ ಈ ರೋಗ ಮುಂದುವರಿಯುವುದು ವಿರಳ. ಹಾಗಾದರೆ ಮುಪ್ಪು ನಲವತ್ತರಲ್ಲಿ ಮಾಡುವ ಬಿಗಿಯನ್ನು ನಾವೇ ಇಪ್ಪತ್ತರಲ್ಲಿ ಮಾಡಬಾರದೇಕೆ?

ನಾರನ್ನು ಬಿಗಿ ಮಾಡುವ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಸಿ ತೊಗಲನ್ನು ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಹಾಕಿ ಹದ ಮಾಡುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅದೇ ತಂಗಡಿಯ ಹೂ ಇಂದು ತೆಲಂಗಾಣದ ರಾಜ್ಯಪುಷ್ಪ. ತೊಗಟೆಯ ಒಗರು ತೊಗಲಿನ ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಬೆಸೆಯುವುದರಿಂದಲೇ ಅದು ಕೊಳೆಯದೆ ಗಟ್ಟಿಯಾಗುತ್ತದೆ. ಜೀವಂತವಾದ ಕಣ್ಣಿಗೆ ತೊಗಟೆಯ ನೀರು ನಡೆಯದು. ಅದಕ್ಕೆ ಡ್ರೆಸ್ಡೆನ್ನಿನವರು ಆರಿಸಿಕೊಂಡದ್ದು ರೈಬೊಫ್ಲೇವಿನ್ ಎಂಬ ಹಳದಿ ಬಣ್ಣದ ಬಿ೨ ಜೀವಸತ್ವವನ್ನೂ ಒಂದು ಅಳತೆಯ ಅತಿನೇರಳೆ ಬೆಳಕನ್ನೂ. ಬೆಳಕನ್ನು ಹೀರಿದ ರೈಬೊಫ್ಲೇವಿನ್ ನಾರುಗಳ ನಡುವೆ ಹೊಸ ಅಡ್ಡಗಟ್ಟುಗಳು ಹುಟ್ಟುವಂತೆ ಮಾಡುತ್ತದೆ. ಅಷ್ಟೇ ಅಲ್ಲ, ಬೆಳಕನ್ನು ತಾನೇ ತಡೆದುಕೊಂಡು ಒಳಗಿನ ಮಸೂರಕ್ಕೂ ಪರದೆಗೂ ಅದು ತಾಗದಂತೆ ಕಾಯುತ್ತದೆ. ಈ ಚಿಕಿತ್ಸೆಯ ಹೆಸರು ಕಾರ್ನಿಯಾ ಕ್ರಾಸ್ ಲಿಂಕಿಂಗ್. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ಸಿ-ತ್ರೀ-ಆರ್ ಎಂದೂ ಅನ್ನುತ್ತಾರೆ.

ವೋಲೆನ್ಸಾಕ್, ಸ್ಪೋರ್ಲ್, ಸೈಲರ್ ಎಂಬ ಮೂವರು ೨೦೦೩ರಲ್ಲಿ ತಮ್ಮ ಮೊದಲ ಫಲಿತಾಂಶವನ್ನು ಪ್ರಕಟಿಸಿದರು. ೨೨ ರೋಗಿಗಳ ೨೩ ಕಣ್ಣುಗಳಿಗೆ ಚಿಕಿತ್ಸೆ ಮಾಡಿದ್ದರು. ಎಲ್ಲ ಕಣ್ಣುಗಳಲ್ಲಿಯೂ ರೋಗ ಮುಂದುವರಿಯುವುದು ನಿಂತಿತ್ತು. ೧೬ ಕಣ್ಣುಗಳಲ್ಲಿ ಮೊನೆ ಸ್ವಲ್ಪ ತಗ್ಗಿಯೂ ಇತ್ತು. ಆ ಮೇಲೆ ಬೇರೆ ಬೇರೆ ದೇಶಗಳವರು ಇದನ್ನು ಪರೀಕ್ಷಿಸಿ ಅಂಗೀಕರಿಸಿದರು; ೨೦೧೬ರಲ್ಲಿ ಅಮೆರಿಕದ ಸರಕಾರವೂ ಅನುಮತಿ ಕೊಟ್ಟಿತು. ಇದರಿಂದ ಕಸಿ ನಿಜವಾಗಿ ಕಡಿಮೆಯಾಯಿತೇ ಎಂಬುದಕ್ಕೂ ಉತ್ತರವಿದೆ. ನಾರ್ವೆಯ ಓಸ್ಲೋ ನಗರದ ಆಸ್ಪತ್ರೆಯಲ್ಲಿ ೨೦೦೫ ಮತ್ತು ೨೦೦೬ರಲ್ಲಿ ಈ ರೋಗಕ್ಕಾಗಿ ಮಾಡಿದ ಕಸಿಗಳಿಗೆ ಹೋಲಿಸಿದರೆ ೨೦೧೩ ಮತ್ತು ೨೦೧೪ರಲ್ಲಿ ಮಾಡಿದವು ಅರ್ಧಕ್ಕಿಂತಲೂ ಕಡಿಮೆ. ಹಾಲೆಂಡಿನಲ್ಲಿ ಸುಮಾರು ಕಾಲುಭಾಗ ತಗ್ಗಿತು.

ಚಿಕಿತ್ಸೆ ನಡೆಯುವ ಬಗೆ ಹೀಗಿದೆ. ರೋಗಿಗೆ ಮೈಮರೆಯುವ ಮದ್ದು ಬೇಕಾಗಿಲ್ಲ. ಕಣ್ಣಿಗೆ ಹನಿ ಹಾಕಿ ಜೋಮು ಹಿಡಿಸುತ್ತಾರೆ. ಮಲಗಿಸಿ, ಕಾರ್ನಿಯಾದ ತೀರ ಮೇಲಿನ ತೆಳುಚರ್ಮವನ್ನು ನಡುವೆ ಎಂಟೊಂಬತ್ತು ಮಿಲಿಮೀಟರಿನಷ್ಟು ಮೆಲ್ಲನೆ ಕೆರೆದು ತೆಗೆಯುತ್ತಾರೆ. ಬಳಿಕ ಸುಮಾರು ಅರ್ಧ ಗಂಟೆ ಹಳದಿ ಹನಿಯನ್ನು ಬಿಡುತ್ತ ಇರುತ್ತಾರೆ. ಅನಂತರ, ಮೊದಲಿನ ಡ್ರೆಸ್ಡೆನ್ ಪದ್ಧತಿಯಲ್ಲಿ, ಇನ್ನೊಂದು ಅರ್ಧ ಗಂಟೆ ಅತಿನೇರಳೆ ಬೆಳಕು. ಈಗ ಬೆಳಕನ್ನು ತೀಕ್ಷ್ಣ ಮಾಡಿ ಹತ್ತು ನಿಮಿಷಕ್ಕೇ ಮುಗಿಸುವ ಪದ್ಧತಿಯೂ ರೂಢಿಯಲ್ಲಿದೆ. ಕೊನೆಗೆ ಗಾಯದ ಮೇಲೆ ಪಟ್ಟಿಯಂತೆ ಒಂದು ಮೆತ್ತನೆಯ ಲೆನ್ಸ್ ಇಟ್ಟು ಮನೆಗೆ ಕಳುಹಿಸುತ್ತಾರೆ. ಹೊಲಿಗೆಯಿಲ್ಲ, ಬೇರೊಬ್ಬರ ಕಣ್ಣಿಗೆ ಕಾಯುವುದಿಲ್ಲ. ಎರಡು ಮೂರು ದಿನ ನೋವು, ನೀರು ಸುರಿಯುವುದು, ಬೆಳಕಿಗೆ ಚುಚ್ಚುವುದು ಇದ್ದೇ ಇರುತ್ತದೆ. ಮೇಲಿನ ಚರ್ಮ ಕೂಡುವ ತನಕ, ಎಂದರೆ ಸಾಮಾನ್ಯವಾಗಿ ಒಂದು ವಾರದ ಒಳಗೆ, ಕಣ್ಣಿಗೆ ನೀರು ಧೂಳು ಬೀಳಬಾರದು. ಸೋಂಕು ತಗಲುವ ಅಪಾಯವಿರುವುದು ಈ ದಿನಗಳಲ್ಲಿಯೇ. ಸಿಮೆಂಟು, ವೆಲ್ಡಿಂಗು, ಒಲೆಯ ಹೊಗೆ ಇವುಗಳಲ್ಲಿ ಕೆಲಸ ಮಾಡುವವರು ಮೊದಲೇ ಮೇಸ್ತ್ರಿಗೋ ಮಾಲೀಕರಿಗೋ ಹೇಳಿ ರಜೆ ಪಡೆಯಬೇಕು.

ಇದರಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು, ಇಲ್ಲವಾದರೆ ನಿರಾಶೆಯಾದೀತು. ಕ್ರಾಸ್ ಲಿಂಕಿಂಗ್ ಇರುವ ನೋಟವನ್ನು ಕಾಯುತ್ತದೆ. ಹೋದ ನೋಟವನ್ನು ಪೂರ್ತಿ ಮರಳಿಸುವುದಿಲ್ಲ. ಚಿಕಿತ್ಸೆಯಾದ ಮೇಲೂ ಕನ್ನಡಕವೋ ಲೆನ್ಸೋ ಬೇಕಾಗುತ್ತದೆ. ಮೊದಲ ಕೆಲವು ವಾರ ನೋಟ ಹಿಂದಿಗಿಂತ ಮಂಜಾಗಿರುವುದೂ ಉಂಟು. ಅದಕ್ಕೆ ಹೆದರಬಾರದು, ತಪಾಸಣೆಯನ್ನು ತಪ್ಪಿಸಲೂಬಾರದು. ಎಳೆಯ ಮಕ್ಕಳಲ್ಲಿ, ಕಣ್ಣುಜ್ಜುವುದನ್ನು ಬಿಡದವರಲ್ಲಿ, ರೋಗ ಮತ್ತೆ ತಲೆಯೆತ್ತಿ ಎರಡನೆಯ ಸಲ ಮಾಡಬೇಕಾದೀತು. ಆಕಾರ ಬಹಳ ಕೆಟ್ಟವರಿಗೆ ಕಾರ್ನಿಯಾದ ಒಳಗೆ ಪ್ಲಾಸ್ಟಿಕ್ಕಿನ ಸಣ್ಣ ಕಮಾನುಗಳನ್ನು ಸೇರಿಸಿ ಮೊನೆಯನ್ನು ತಗ್ಗಿಸುವ ಶಸ್ತ್ರಕ್ರಿಯೆಯೂ ಇದೆ. ಫ್ರಾನ್ಸಿನ ಜೋಸೆಫ್ ಕೋಲಾಂ ಎಂಬ ವೈದ್ಯರು ೧೯೯೭ರಲ್ಲಿ ಇದನ್ನು ಈ ರೋಗಕ್ಕೆ ಮೊದಲು ಬಳಸಿದರು. ಇದಕ್ಕೂ ಕಸಿ ಬೇಡ. ಬೇಡವೆನಿಸಿದರೆ ಆ ಕಮಾನುಗಳನ್ನು ತೆಗೆಯಲೂಬಹುದು.

ಇನ್ನು ಕಾಲದ ಮಾತು. ಬೆಳಕು ಒಳಪದರಕ್ಕೆ ಹಾನಿ ಮಾಡದಿರಬೇಕಾದರೆ ಕಾರ್ನಿಯಾದ ದಪ್ಪ ಕನಿಷ್ಠ ೪೦೦ ಮೈಕ್ರಾನ್ ಇರಬೇಕೆಂಬುದು ಡ್ರೆಸ್ಡೆನ್ ಪದ್ಧತಿಯ ನಿಯಮ. ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರು. ಆರೋಗ್ಯವಂತರಲ್ಲಿ ಕಾರ್ನಿಯಾ ಐನೂರಕ್ಕೂ ತುಸು ಮೇಲಿರುತ್ತದೆ. ರೋಗ ಬೆಳೆದಂತೆ ಇಳಿಯುತ್ತ ಬರುತ್ತದೆ. ನಾನೂರಕ್ಕಿಂತ ಕೆಳಗಿಳಿದವರಿಗೆ ವಿಶೇಷ ಉಪಾಯಗಳಿವೆ, ಆದರೆ ದಾರಿ ಕಿರಿದು. ನಡುವೆ ದಟ್ಟವಾದ ಕಲೆ ಬಿದ್ದ ಮೇಲೆ ಕ್ರಾಸ್ ಲಿಂಕಿಂಗಿನಿಂದ ಪ್ರಯೋಜನವಿಲ್ಲ. ಬರುವ ತಿಂಗಳು ಸಂಬಳವಾಗಲಿ, ಊರಿನ ಜಾತ್ರೆ ಮುಗಿಯಲಿ ಎಂದು ಮುಂದೂಡುವ ಒಂದೆರಡು ವರ್ಷದಲ್ಲಿ ಕಳೆದುಹೋಗುವುದು ಈ ಅಲ್ಪ ದಪ್ಪವೇ.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಪೊಲೀಸು ಅಥವಾ ಸೈನ್ಯದ ಭರ್ತಿಗೆಂದೋ ಮದುವೆಗೆಂದೋ ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಕ್ರಿಯೆಗೆ ಹೋಗುವ ಯುವಕರು, ಯುವತಿಯರು ಟೊಪಾಗ್ರಫಿ ಮಾಡಿಸದೆ ಹೋಗಬಾರದು. ಲೇಸರ್ ಕಾರ್ನಿಯಾವನ್ನು ತೆಳು ಮಾಡುತ್ತದೆ. ಒಳಗೆ ಕೆರಟೋಕೋನಸ್ ಅಡಗಿದ್ದರೆ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಬಿ೨ ಜೀವಸತ್ವವೆಂದ ಮಾತ್ರಕ್ಕೆ ಅದರ ಗುಳಿಗೆ ನುಂಗಿ ಸೂರ್ಯನನ್ನು ನೋಡಿದರೆ ಆಯಿತೆಂದು ಯಾರೂ ಭಾವಿಸಬಾರದು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿನ ಪರದೆಯೇ ಸುಟ್ಟುಹೋದೀತು. ಬಸುರಿಯರೂ, ಹಿಂದೆ ಕಾರ್ನಿಯಾಕ್ಕೆ ಹರ್ಪಿಸ್ ಸರ್ಪಸುತ್ತಿನಂಥ ಸೋಂಕು ಬಂದಿದ್ದವರೂ ಆ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಕನ್ನಡಕದ ಹಳೆಯ ಚೀಟಿಗಳನ್ನು ಎಸೆಯಬೇಡಿ. ರೋಗ ಬೆಳೆಯುತ್ತಿದೆಯೇ ನಿಂತಿದೆಯೇ ಎಂಬುದನ್ನು ವೈದ್ಯರು ನಿರ್ಣಯಿಸುವುದು ಹಿಂದಿನ ಅಳತೆಯನ್ನೂ ಇಂದಿನ ಅಳತೆಯನ್ನೂ ಹೋಲಿಸಿ. ಊರಿಂದೂರಿಗೆ ಕೆಲಸ ಬದಲಾಯಿಸುವ ನಮ್ಮವರು ಕಾಗದಪತ್ರಗಳನ್ನು ಬಾಡಿಗೆ ಕೋಣೆಯಲ್ಲೇ ಬಿಟ್ಟು ಬರುತ್ತಾರೆ. ಹೊಸ ಊರಿನ ವೈದ್ಯರು ಮೊದಲಿನಿಂದ ಅಳೆದು, ತಿಂಗಳುಗಟ್ಟಲೆ ಕಾದು ನೋಡಬೇಕಾಗುತ್ತದೆ. ಆ ಚೀಟಿಗಳೆಲ್ಲವೂ ಒಂದು ಚೀಲದಲ್ಲಿ ಭದ್ರವಾಗಿರಲಿ.

ಹೈದರಾಬಾದಿನಲ್ಲಿ ತೋರಿಸಿಕೊಳ್ಳಲು ಮೆಹದಿಪಟ್ಟಣದ ಸರೋಜಿನಿ ದೇವಿ ಕಣ್ಣಾಸ್ಪತ್ರೆ ಇದೆ; ಅದು ಸರಕಾರದ್ದು. ಎಲ್. ವಿ. ಪ್ರಸಾದ್ ಸಂಸ್ಥೆಯಲ್ಲಿ ಕ್ರಾಸ್ ಲಿಂಕಿಂಗ್ ನಡೆಯುತ್ತದೆ. ಹಣ ಕೊಡಲಾಗದವರಿಗೆ ಹಣ ಪಡೆಯದೆ ಚಿಕಿತ್ಸೆ ಮಾಡುವುದು ಆ ಸಂಸ್ಥೆ ಮೊದಲಿನಿಂದ ನಡೆಸಿಕೊಂಡು ಬಂದ ಪದ್ಧತಿ. ಸಂಕೋಚಪಡದೆ ಕೌಂಟರಿನಲ್ಲಿ ವಿಚಾರಿಸಬಹುದು. ಇ.ಎಸ್.ಐ. ಚೀಟಿ ಇರುವ ಕಾರ್ಖಾನೆಯ ಸೋದರರು ತಮ್ಮ ಡಿಸ್ಪೆನ್ಸರಿಯಲ್ಲಿ ಮೊದಲು ಕೇಳಿಕೊಳ್ಳಲಿ. ಊರಿಗೆ ಹತ್ತಿರವೇ ಇರಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಸರಕಾರದ ಮಿಂಟೋ ಆಸ್ಪತ್ರೆಯೂ ನಾರಾಯಣ ನೇತ್ರಾಲಯವೂ ಇವೆ.

ನೇತ್ರದಾನಕ್ಕೆ ಸಹಿ ಹಾಕುವುದು ಪುಣ್ಯದ ಕೆಲಸ, ಹಾಕದವರು ಹಾಕಬೇಕು. ಅಪಘಾತ, ಸೋಂಕುಗಳಿಂದ ಕಾರ್ನಿಯಾ ಕಳೆದುಕೊಂಡು ಕಸಿಯಲ್ಲದೆ ಬೇರೆ ಗತಿಯಿಲ್ಲದವರು ಅನೇಕರಿದ್ದಾರೆ. ಬಂದ ಒಂದೊಂದು ಕಣ್ಣೂ ಅವರಿಗೆ ಸಲ್ಲಬೇಕು. ಅದೇ ಕಾರಣಕ್ಕಾಗಿ, ಸಕಾಲದಲ್ಲಿ ಆಸ್ಪತ್ರೆಗೆ ಹೋಗಿ ತನ್ನ ಕಣ್ಣನ್ನು ಉಳಿಸಿಕೊಂಡವನು ಕಾದಿರುವ ಇನ್ನೊಬ್ಬರಿಗೆ ಒಂದು ಕಣ್ಣನ್ನು ಬಿಟ್ಟುಕೊಟ್ಟಂತೆಯೇ. ಈ ಲೇಖನವನ್ನು ಓದಿದವರು ತಮ್ಮ ಕೋಣೆಯಲ್ಲಿ, ಕಾರ್ಖಾನೆಯಲ್ಲಿ ಕಣ್ಣುಜ್ಜಿಕೊಳ್ಳುವ, ಪದೇ ಪದೇ ಕನ್ನಡಕ ಬದಲಾಯಿಸುವ ಹುಡುಗರು ಯಾರಿದ್ದರೂ ಅವರಿಗೆ ಈ ವಿಷಯವನ್ನು ತಿಳಿಸಬೇಕೆಂದು ನಮ್ಮ ವಿನಂತಿ.